ಜಗಲಿಯ ಮೇಲಿಟ್ಟ ನೀರು

ಹೊನ್ನಾಳಿ, ೧೯೪೧

ಹಾಲಸ್ವಾಮಿಯ ಅಪ್ಪನವರಿಗೆ,

ನೀವು ತೀರಿಕೊಂಡು ಮೂರು ವರ್ಷವಾದ ಮೇಲೆ ಈ ಕಾಗದ ಬರೆಯುತ್ತಿದ್ದೇನೆ. ಇಂದು ಮಧ್ಯಾಹ್ನ ನಿಮ್ಮ ಮಗ ಮತ್ತೆ ಸೇಂದಿ ಕುಡಿದು ಬಂದ. ಬೀದಿಯ ತುದಿಯಲ್ಲಿ ಅವನನ್ನು ಕಂಡವಳೇ ಜಗಲಿಯ ಮೇಲೆ ಕಾಲಿಗೆ ಒಂದು ಚೆಂಬು ನೀರು, ತಾಟಿನಲ್ಲಿ ಎರಡು ರೊಟ್ಟಿ ಇಟ್ಟು ಒಳಗಿನಿಂದ ಚಿಲಕ ಹಾಕಿಕೊಂಡೆ.

"ನಾನೇನು ನೆಂಟನೇನವ್ವಾ, ಹೊರಗೆ ನೀರಿಟ್ಟೀಯಲ್ಲ?" ಎಂದು ಕೂಗಿದ.

"ಉಂಡು ಅಲ್ಲೇ ಮಲಗು. ಅಮಲು ಇಳಿದ ಮೇಲೆ ಬಾ, ಮನೆ ನಿಂದೇ ಐತೆ. ಕುಡಿದು ಬಂದ್ರೆ ಇನ್ಮೇಲೆ ಒಳಗೆ ಬಿಡಂಗಿಲ್ಲ" ಎಂದೆ.

ಬಾಗಿಲು ಬಡಿದ. ಅದೂ ನಿಮ್ಮ ಹಾಗೆಯೇ, ಮೊದಲು ಅಂಗೈಯಿಂದ, ಆಮೇಲೆ ಮುಷ್ಟಿಯಿಂದ. ನನ್ನ ಕೈ ತಾನಾಗಿಯೇ ಚಿಲಕಕ್ಕೆ ಹೋಯಿತು. ಆ ಕೈಯನ್ನು ಸೆರಗಿನೊಳಗೆ ಸುತ್ತಿಕೊಂಡು ಕೂತೆ. ಎಷ್ಟೋ ಹೊತ್ತಿನ ಮೇಲೆ ಅವನು ಕಾಲಿಗೆ ನೀರು ಹೊಯ್ದುಕೊಂಡ ಸದ್ದು ಕೇಳಿಸಿತು. ಬಾಗಿಲ ಈಚೆ ನಾನೂ ಒಬ್ಬಳೇ ರೊಟ್ಟಿ ಮುರಿದೆ.

ನೀವು ಹಾಗೆ ಕುಡಿದು ಬಂದಾಗಲೆಲ್ಲ ನಾನು ಮಾತಾಡದೆ ಚಿಲಕ ತೆಗೆಯುತ್ತಿದ್ದೆ. ಆಗ ಚಿಕ್ಕವನಾಗಿದ್ದ ಅವನು ಇದೇ ಸೆರಗು ಹಿಡಿದು ನೋಡುತ್ತ ನಿಂತಿರುತ್ತಿದ್ದ.