ವೀರಮ್ಮ ನೋಡಿದ ಹಿಂದಿ ಸಿನಿಮಾ

ಶಿಕಾರಿಪುರ, ೧೬ ನವೆಂಬರ್ ೧೯೫೮, ಭಾನುವಾರ

ಹೆಂಡತಿ ವೀರಮ್ಮನ ಮಾತು ಇನ್ನೂ ಕಿವಿಯಲ್ಲಿದೆ.

ಸೊರಬದಲ್ಲಿ, ಅವಳ ತವರಿಗೆ ಹೋದಾಗ, ನಿನ್ನೆ ಟೂರಿಂಗ್ ಟಾಕೀಸಿನ ಡೇರೆಯಲ್ಲಿ ಹಿಂದಿ ಸಿನಿಮಾ ನೋಡಿದೆವು. ಅಕ್ಕಪಕ್ಕದ ಕೋಣೆಗಳಲ್ಲಿದ್ದೂ ಮಾತಾಡಲಾರದ ಇಬ್ಬರು ಒಂಟಿಗಳ, ಒಬ್ಬ ಹುಡುಗ ಒಬ್ಬ ಹುಡುಗಿಯ ಕಥೆ. ಅವಳಿಗೆ ಹಿಂದಿ ಬಾರದು. ಹೆಂಗಸರ ಕಡೆ ಕೂತಿದ್ದವಳಿಗೆ ಅಲ್ಲಿ ಹೇಳಿಕೊಡುವಂತಿರಲಿಲ್ಲ. ಇವತ್ತು ಬಸ್ಸಿನಲ್ಲಿ ಕನ್ನಡದಲ್ಲಿ ವಿವರಿಸತೊಡಗಿದೆ. ಅನುವಾದದ ಕಾದಂಬರಿಗಳನ್ನು ಓದಿ ಬಂದ ಚಾಳಿ.

“ನಂಗೆ ತಿಳೀತು ಬಿಡ್ರೀ,” ಅಂದಳು. “ನೀವು ಉಣ್ಣಾಕೆ ಕೂತ್ರೂ ಪುಸ್ತಕ ಬಿಡಲ್ಲ. ಆ ಹುಡುಗಿಗೆ ನಡುವೆ ಗೋಡೆನಾದ್ರೂ ಇತ್ತು.”

ನಗುತ್ತಲೇ ಅಂದಳು. ಇವಳು ಒಂಟಿ ಎಂದು ಇಷ್ಟು ವರ್ಷ ನನಗೆ ಹೊಳೆದೇ ಇರಲಿಲ್ಲ.

ಈಗ ರಾತ್ರಿ, ಪಡಸಾಲೆಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಒಳಗೆ ಬಳೆಯ ಸದ್ದು. ಅವಳೂ ಮಲಗಿಲ್ಲ. ಎದ್ದು ಹೋಗಿ ಮಾತಾಡಬೇಕು. ಮೊದಲ ಮಾತು ಏನೆಂದು ಮಾತ್ರ ಇನ್ನೂ ಗೊತ್ತಿಲ್ಲ. ಈ ಡೈರಿ ಮುಚ್ಚಿ ಏಳುತ್ತೇನೆ.