ಗುತ್ತೆವ್ವನ ಬಂಡೆ

ಬ್ಯಾಡಗಿ
೧೨ ಫೆಬ್ರುವರಿ ೨೦೦೬

ಸುಶ್ಮಿತಾಳ ಅಪ್ಪನವರಿಗೆ, ತೀರಿಕೊಂಡ ಹೆಂಡತಿ ಗುತ್ತೆವ್ವ ಮಾಡುವ ನಮಸ್ಕಾರಗಳು.

ನಾನು ಸತ್ತು ಕ್ಷೇಮವಾಗಿದ್ದೇನೆ. ಬೆಳಿಗ್ಗೆ ಎರಡು ರೊಟ್ಟಿ ತಿಂದು, ಮೆಣಸಿನಕಾಯಿ ತೊಟ್ಟು ಬಿಡಿಸಲು ಹೋಗಿಬಂದೆ. ಸತ್ತವರಿಗೂ ರಜೆ ಇಲ್ಲವೆಂದು ಕಾಣುತ್ತದೆ. ನಿಮ್ಮ ಮೊಬೈಲಿಗೆ ಹಚ್ಚಿದರೆ ನೀವು ವ್ಯಾಪ್ತಿ ಪ್ರದೇಶದ ಹೊರಗಿದ್ದೀರಿ ಎನ್ನುತ್ತಾಳೆ ಯಾವಳೋ. ನಿಮ್ಮನ್ನು ಚೆನ್ನಾಗಿ ಬಲ್ಲವಳೇ ಇರಬೇಕು. ಅದಕ್ಕೇ ಈ ಪತ್ರ.

ಮಗನಿಗೆಂದು ಸುಶ್ಮಿತಾಳನ್ನು ನೋಡಿ ಒಪ್ಪಿಹೋಗಿದ್ದ ಹಲಗೇರಿಯ ಪ್ರಭುಲಿಂಗಪ್ಪನವರು ಹೆಂಡತಿಯ ಜೊತೆ, ನೀವು ಪ್ರವಾಸಿಗರಿಗೆ ದೋಣಿ ನಡೆಸುವ ನಡುಗಡ್ಡೆಯ ಕೊಲ್ಲಿಗೆ ಬಂದಿದ್ದರು. ಅವರು ಅಲ್ಲಿಗೆ ಯಾಕೆ ಬಂದರೆಂದು ಈಗ ಕೇಳಬೇಡಿ. ನಿಮ್ಮದೇ ದೋಣಿ ಹತ್ತಿದರು. ನೀವು ಒಂದು ಕರಿ ಬಂಡೆಯ ಹತ್ತಿರ ಯಂತ್ರ ನಿಲ್ಲಿಸಿ, ಕಣ್ಣಿಗೆ ಟವೆಲ್ಲು ಒತ್ತಿ ಹೇಳಿದಿರಂತೆ: "ಇಲ್ಲೇ ನೋಡ್ರಿ, ನನ್ನ ಹೇಣ್ತಿ ನೀರಾಗ ಹೋದ್ಲು. ಬ್ಯಾಡಗ್ಯಾಕಿ, ಗುತ್ತೆವ್ವ ಅಂತ. ಸುಶ್ಮಿತಾ ಅನ್ನೋ ಮಗಳನ್ನ ಬಿಟ್ಟು ಹೋದ್ಲು. ಮುತ್ತೈದಿ ಸಾವು, ಉಡಿ ತುಂಬೋರು ತುಂಬ್ರಿ." ದೋಣಿಯ ಹೆಂಗಸರೆಲ್ಲ ಅತ್ತು, ಹಸಿರು ಬಳೆ, ಖಣ, ಕುಂಕುಮ ನೀರಿಗೆ ಬಿಟ್ಟರಂತೆ. ಆ ಕಲ್ಲಿಗೆ ಗುತ್ತೆವ್ವನ ಬಂಡೆ ಎಂದೇ ಹೆಸರಂತೆ.

ಭಲೇ. ಹತ್ತೊಂಬತ್ತು ವರ್ಷದ ಸಂಸಾರದಲ್ಲಿ ರೇಷನ್ ಕಾರ್ಡಿಗೆ ನನ್ನ ಹೆಸರು ಸರಿಯಾಗಿ ಬರೆಸಲು ನಿಮ್ಮಿಂದ ಆಗಲಿಲ್ಲ, ಇವತ್ತಿಗೂ ಅದರಲ್ಲಿ ನಾನು ಪುತ್ತೆವ್ವ. ಅರಬ್ಬಿ ಸಮುದ್ರದಲ್ಲಿ ಮಾತ್ರ ತಪ್ಪಿಲ್ಲದೆ ಬರೆಸಿದ್ದೀರಿ. ಬದುಕಿದ್ದಾಗ ಒಂದು ಖಣ ತಂದುಕೊಡಲಿಲ್ಲ, ಸತ್ತ ಮೇಲೆ ಮೀನುಗಳಿಗೆಲ್ಲ ನನ್ನ ಹೆಸರಿನ ಕುಪ್ಪಸ!

ನಾನು ಸಮುದ್ರವನ್ನೇ ಕಂಡವಳಲ್ಲ. ಗುತ್ತಲದ ಹೊಳೆಯಲ್ಲಿ ನೀವು ಹರಿಗೋಲು ಹಾಕುತ್ತಿದ್ದಾಗ ನನ್ನನ್ನು ಎಷ್ಟು ಸಲ ದಾಟಿಸಿದಿರೋ, ಸೆರಗಿನ ತುದಿ ಸಹ ತೊಯ್ಯಲಿಲ್ಲ. ಸಮುದ್ರದ ಕಡೆ ಹೋದ ಮೇಲೆ ಸೀಸನ್ನು ಮುಗಿಯಲಿ, ಕರೆಸಿಕೊಳ್ಳುತ್ತೇನೆ ಎಂದು ಮೂರು ವರ್ಷದಿಂದ ಹೇಳುತ್ತಿದ್ದೀರಿ. ಕಾಣದ ನೀರಿನಲ್ಲಿ ಮುಳುಗಿದ್ದು ಹೇಗೆ ಎಂದು ನಾನೇ ಕೂತು ಯೋಚಿಸುತ್ತಿದ್ದೇನೆ.

ನಗುವುದು ಇಲ್ಲಿಗೆ ಸಾಕು. ನಿನ್ನೆ ಅವರು ನಮ್ಮ ಮನೆಗೆ ಬಂದರು. ಸಂಬಂಧ ತಂದ ಸುಶೀಲವ್ವನೂ ಜೊತೆಗಿದ್ದಳು. ನಾನು ಚಹಾ ತಂದಿಟ್ಟೆ. ಪ್ರಭುಲಿಂಗಪ್ಪನವರ ಹೆಂಡತಿ ಕಪ್ಪು ಮುಟ್ಟಲಿಲ್ಲ. ನನ್ನ ಕಡೆ ನೋಡದೆ ಸುಶೀಲವ್ವನನ್ನು ಕೇಳಿದಳು: "ಗುತ್ತೆವ್ವ ನೀರಾಗ ಹೋಗ್ಯಾಳ, ಖಣ ಬಿಟ್ಟು ಬಂದೇನಿ ನಾನ. ಹಂಗಾದ್ರ ಈಕಿ ಯಾರ್ರಿ?"

ಮಗಳು ಬಾಗಿಲಲ್ಲೇ ನಿಂತಿದ್ದಳು.

ಸುಶೀಲವ್ವ ನನ್ನ ರಟ್ಟೆ ಚಿವುಟಿ, "ಯವ್ವಾ, ಸತ್ತಾಕಿ ಆಗಿದ್ರ ಚೀರ್ತಿದ್ಲೇನ್ರಿ?" ಎಂದಳು. ನಾನು ಚೀರಿದ್ದೂ ಸಾಲಲಿಲ್ಲ. "ಆ ಮನಿಷ್ಯಾ ಬಂದು ಹೇಳ್ಲಿ. ಗುರುವಾರದ ಮಟಾ ನೋಡ್ತೀವಿ" ಎಂದು ಎದ್ದುಹೋದರು. ಸುಶ್ಮಿತಾ ನಿನ್ನೆಯಿಂದ ಊಟ ಮಾಡಿಲ್ಲ. ತಾಳಿ ಕಟ್ಟಿಸಿಕೊಂಡವಳು ನನ್ನ ಮನೆಯಲ್ಲೇ ಯಾರೋ ಒಬ್ಬಳಾಗಿ ನಿಂತೆ. ನಿಮ್ಮ ಪ್ರವಾಸಿಗರ ಕಣ್ಣೀರಿಗೆ ನನ್ನ ಮಗಳ ಬಾಳು ಉಪ್ಪಾಯಿತು. ಇದನ್ನು ಮಾತ್ರ ನಾನು ನಗುತ್ತ ಬರೆಯಲಾರೆ.

ನಿಮ್ಮ ಹೆಸರು ನನ್ನ ಬಾಯಿಗೆ ಬರುವುದಿಲ್ಲ. ಲಕೋಟೆಯ ಮೇಲೆ ಕೂಡ ಸುಶ್ಮಿತಾಳಿಂದ ಬರೆಸಿದ್ದೇನೆ. ನೀವು ಮಾತ್ರ ಪ್ರತಿ ಸುತ್ತಿಗೂ ನನ್ನ ಹೆಸರು ಹಿಡಿದು ಕೂಗಿ ಕೊಲ್ಲುತ್ತೀರಿ. ಬುಧವಾರ ಹೊತ್ತು ಮುಳುಗುವುದರೊಳಗೆ ಬ್ಯಾಡಗಿಯಲ್ಲಿರಬೇಕು. ಬಾರದಿದ್ದರೆ ನಾನೇ ಬಂದು ಆ ಬಂಡೆಯ ಮೇಲೆ ಕೂರುತ್ತೇನೆ. ಆಮೇಲೆ ನಿಮ್ಮ ದೋಣಿ ಯಾರು ಹತ್ತುತ್ತಾರೋ ನೋಡೋಣ.

ಇಂತಿ,
ಇನ್ನೂ ಬಳೆ ಒಡೆಯದ, ಒಡೆಯುವ ವಿಚಾರದಲ್ಲಿರುವ
ಗುತ್ತೆವ್ವ

ತಾ.ಕ.: ಹಲಗೇರಿಯವರು ಅಲ್ಲಿಗೆ ಬಂದದ್ದು ನಿಮ್ಮನ್ನು ಹುಡುಕಿಕೊಂಡೇ. ನೀವು ಬಂದರಿನ ದೊಡ್ಡ ಸಾಹೇಬರೆಂದು ನಾನು ಹೇಳಿದ್ದೆ. ಅಂಥ ಸಾಹೇಬರು ಯಾರೂ ಸಿಗದೆ, ಬಂದದ್ದಕ್ಕೆ ದೋಣಿಯನ್ನಾದರೂ ಹತ್ತೋಣ ಎಂದು ಹತ್ತಿದ್ದರಂತೆ. ಗುರುವಾರ ಇಬ್ಬರೂ ಹಲಗೇರಿಗೆ ಹೋಗೋಣ. ಮೊದಲು ನೀವು ನನ್ನನ್ನು ಬದುಕಿಸಿ. ಆಮೇಲೆ ನಾನು ನಿಮ್ಮನ್ನು ನೌಕರಿಯಿಂದ ತೆಗೆಯುತ್ತೇನೆ.