ಎರಡು ಹೂವಿಗೊಂದು ಗಂಟು

ಅಪ್ಪ,

ನೀನು ಕಟ್ಟಿ ಕೊಟ್ಟ ಮಲ್ಲಿಗೆ ದಂಡೆಯನ್ನು ಅವರು ಒಂದು ದಿನವೂ ದೇವರಿಗೆ ಏರಿಸಿಲ್ಲ. ದೇವಸ್ಥಾನದ ಹಿಂದೆ ಬಾವಿಕಟ್ಟೆಯ ಮೇಲೆ ಕೂತು ಬಿಚ್ಚುತ್ತಿದ್ದರು. ಹೂವನ್ನು ಬುಟ್ಟಿಗೆ ಉದುರಿಸಿ ಒಳಗೆ ಒಯ್ಯುತ್ತಿದ್ದರು. ನೀನು ನೀರಲ್ಲಿ ನೆನೆಸಿ, ಸೀಳಿ, ಕಟ್ಟಿದ ಬಾಳೆನಾರನ್ನು ಗೊಬ್ಬರದ ಗುಂಡಿಗೆ ಎಸೆಯುತ್ತಿದ್ದರು. ಹೂವು ಬೇಕಿತ್ತು, ಕಟ್ಟಿದ ಕೈ ಬೇಡವಾಗಿತ್ತು. ಇದು ನನಗೆ ಗೊತ್ತಾದದ್ದು ಮೊನ್ನೆ ಸೋಮವಾರ. 

ನೀನು ತೀರಿಹೋದ ಮೇಲಿನ ಮೊದಲ ಬೇಸಿಗೆಯಲ್ಲಿ ನಾವು ಮಲ್ಲಿಗೆಗೆ ಕೈ ಹಾಕಿರಲಿಲ್ಲ. ವರ್ಷ ಕಳೆಯಲಿ ಎಂದಳು ಅವ್ವ. ಅರಳಿದ್ದು ಅರಳಿದಲ್ಲೇ ಕಂದಿ ಬುಡಕ್ಕೆ ಉದುರಿತು. ಈ ವರ್ಷ ಶಿವರಾತ್ರಿ ಕಳೆದದ್ದೇ ಅಂಗಳಕ್ಕೆ ಹುಚ್ಚು ಹಿಡಿದಿದೆ. ನೀನು ಮಾಡುತ್ತಿದ್ದ ಹಾಗೆಯೇ ಎಲೆ ಸವರಿ, ಬುಡ ಬಿಡಿಸಿ, ಗೊಬ್ಬರ ಹಾಕಿದ್ದೆ. ದುಂಡುಮಲ್ಲಿಗೆಯ ಗೆಲ್ಲುಗೆಲ್ಲಿಗೂ ಮೊಗ್ಗು. ಅಬ್ಬಲಿಗೆ ತಾನೇ ಬೀಜ ಸಿಡಿಸಿಕೊಂಡು ಬಚ್ಚಲ ಗೋಡೆಯವರೆಗೆ ಬಂದಿದೆ. ಕೆಂಪು ದಾಸವಾಳ ಬಾಗಿ ಬೇಲಿಯ ದಣಪೆಯ ಮೇಲೆ ಮಲಗಿದೆ. ನಂದಬಟ್ಟಲಿಗೆ ನೀನು 'ಕೆಲಸ ಇಲ್ಲದ ಹೂವು' ಎನ್ನುತ್ತಿದ್ದೆಯಲ್ಲ, ಅದು ಈಗಲೂ ಬೇಡವೆಂದರೂ ಬಿಡುತ್ತಲೇ ಇದೆ.

ಗದ್ದೆಯಿಂದ ಬಂದು ಕೈಕಾಲು ತೊಳೆದು, ಜಗಲಿಯಲ್ಲಿ ಕಾಲು ಚಾಚಿ ಕೂತು ನೀನು ದಂಡೆ ಕಟ್ಟುತ್ತಿದ್ದದ್ದು ಕಣ್ಣಿಗೆ ಕಟ್ಟಿದ ಹಾಗಿದೆ. ಒಮ್ಮೆ ದಾರಿಯಲ್ಲಿ ಹೋಗುತ್ತಿದ್ದ ಈರಣ್ಣ ನಿಂತು, "ಎಂತ ತಿಮ್ಮಣ್ಣ, ಪೇಟೆಯಿಂದ ಬಳೆ ತರ್ಲಾ?" ಎಂದಿದ್ದ. ನೀನು ತಲೆ ಎತ್ತಲಿಲ್ಲ. "ತಾ ಮಾರಾಯ. ಅಳತೆಗೆ ನಿನ್ನ ಕೈ ಕೊಟ್ಟು ಬಾ." ಅವ್ವ ಒಳಗಿನಿಂದ ನಕ್ಕದ್ದು ದಾರಿಯವರೆಗೆ ಕೇಳಿಸಿತ್ತು. ನಾನು ಮಾತ್ರ ನಗಲಿಲ್ಲ. ಶಿರಸಿಯ ಸಭೆಯೊಂದರಲ್ಲಿ ಹಂಚಿದ ಕಿರುಹೊತ್ತಿಗೆ ಆಗ ನನ್ನ ಕೈಯಲ್ಲಿತ್ತು. "ನಮ್ಮನ್ನು ಮೆಟ್ಟಿಲ ಹತ್ತಿರವೇ ನಿಲ್ಲಿಸುವ ದೇವರಿಗೆ ಎಂತಕ್ಕೆ ಹೂವು?" ಎಂದು ಕೇಳಿದೆ. ನೀನೇನು ಹೇಳಿದೆ, ನೆನಪಿದೆಯೇ? "ದೇವರ ಸಂಗಡ ಜಗಳ ಇದ್ರೆ ಮಾಡು ಮಗಾ. ಮಲ್ಲಿಗೆ ಸಂಗಡ ಎಂತಕ್ಕೆ ಮಾಡ್ತೀಯ?" ಎಂದೆ. ನನ್ನಪ್ಪ ಇಷ್ಟು ಮೆತ್ತಗಿನ ಮನುಷ್ಯನೇ ಎಂದು ನನಗೆ ನಾಚಿಕೆಯಾಗಿತ್ತು. ಹೌದು, ನಾಚಿಕೆ.

ಭಾನುವಾರ ಸಂಜೆ ಅವ್ವ ಮೊಗ್ಗಿನ ಬುಟ್ಟಿಯನ್ನು ನನ್ನ ಮುಂದಿಟ್ಟಳು. "ನಿಂಗೆ ದೇವರು ಬ್ಯಾಡದಿದ್ರೆ ಬ್ಯಾಡ. ಅಪ್ಪನ ಮಲ್ಲಿಗೆ ಹೋಗ್ಲಿ." ನಾನು ಕಟ್ಟಿದೆ. ಸೋಮವಾರ ಸಿದ್ದಾಪುರಕ್ಕೆ ಕೆಲಸಕ್ಕೆ ಹೋಗುವ ದಾರಿಯಲ್ಲಿ, ನೀನು ಇಡುತ್ತಿದ್ದ ಅದೇ ಮೆಟ್ಟಿಲ ಮೇಲೆ ಬಾಳೆಲೆಯಲ್ಲಿ ಇಟ್ಟು ಬಂದೆ. ಬಸ್ಸು ಬಂದಿರಲಿಲ್ಲ. ಹೊತ್ತು ಕಳೆಯಲು ದೇವಸ್ಥಾನದ ಹಿಂದಿನ ಹಾದಿಯಲ್ಲಿ ನಡೆದರೆ, ಬಾವಿಕಟ್ಟೆಯ ಮೇಲೆ ರಾಘು. ಹತ್ತನೇ ಇಯತ್ತೆಯವರೆಗೆ ನನ್ನ ಜೊತೆ ಓದಿದವನು, ಈಗ ತನ್ನ ತಂದೆಯ ಬದಲು ಪೂಜೆ ಮಾಡುತ್ತಾನೆ. ಅವನ ತೊಡೆಯ ಮೇಲೆ ನನ್ನ ದಂಡೆ, ಕೈಯಲ್ಲಿ ಬ್ಲೇಡು.

"ಎಂತ ಮಾಡ್ತಿದೀಯ ರಾಘು?"

ಅವನು ಬೆಚ್ಚಿ ಬೀಳಲೂ ಇಲ್ಲ ಅಪ್ಪ. ಅದೇ ನನಗೆ ತಡೆಯಲಾಗದ್ದು. "ಬಿಡಿಸ್ತಾ ಇದ್ದೇನೆ ಮಾರಾಯ್ತಿ. ಬಿಡಿ ಹೂವಾದ್ರೆ ಆಗ್ತದೆ. ನಾರಿಗೆ ನೀರು ತಾಗಿರ್ತದಲ್ಲ."

"ಯಾರ ನೀರು?"

ಅವನು ಇನ್ನೊಂದು ಗಂಟಿಗೆ ಬ್ಲೇಡು ಹಾಕಿದ. ನಾನೇ ಮಾತಾಡಿದೆ. "ನಮ್ಮನೆ ನೀರು ಆಗೂದಿಲ್ಲ ಅಂತ ಬಾಯಿ ಬಿಟ್ಟು ಹೇಳು. ಮಲ್ಲಿಗೆ ಬುಡಕ್ಕೆ ಹಾಕಿದ್ದೂ ಅದೇ ನೀರು. ಅದು ಹೂವಿನ ಒಳಗೇ ಇದೆ. ಅದನ್ನು ಯಾವ ಬ್ಲೇಡಿನಲ್ಲಿ ಬಿಡಿಸ್ತೀಯ?"

"ಇದು ನಾ ಮಾಡಿದ ಕ್ರಮ ಅಲ್ಲ ಸವಿತಾ. ಅಪ್ಪಯ್ಯ ಮಾಡ್ತಿದ್ದ, ನಾನೂ ಮಾಡ್ತೇನೆ." ಅಷ್ಟಕ್ಕೆ ನಿಲ್ಲಿಸಿದ್ದರೆ ನಾನು ಕೂಗಾಡಿ ಬಸ್ಸು ಹತ್ತುತ್ತಿದ್ದೆ. ಅವನು ಏನೋ ಸಮಾಧಾನ ಹೇಳುವವನ ಹಾಗೆ ಮುಂದುವರಿಸಿದ. "ಅಷ್ಟಕ್ಕೂ ನಿಮ್ಮನೆ ದಂಡೆ ಬಿಡಿಸೂದು ನಮಗೇ ಶಿಕ್ಷೆ. ನಿಮ್ಮ ಕೇರಿಯ ಬೇರೆಯವರದ್ದು ತುದಿ ಕತ್ತರಿಸಿ ಎಳೆದ್ರೆ ಸರಕ್ಕನೆ ಉದುರ್ತದೆ. ನಿಮ್ಮದು ಎರಡೆರಡು ಹೂವಿಗೆ ಗಂಟು. ಅಪ್ಪಯ್ಯ ಅಂತೂ ನಿಮ್ಮಪ್ಪಂಗೆ ಬೈಕೊಂಡೇ ಬಿಡಿಸ್ತಿದ್ದ. ಪೂಜೆ ಹೊತ್ತು ಮೀರಿ ಹೋಗ್ತಿತ್ತು."

ಬಸ್ಸು ಬಂತು, ಹೋಯಿತು. ನಾನು ಮನೆಗೆ ವಾಪಸು ಓಡಿದೆ. ಅವ್ವ ಅಬ್ಬಲಿಗೆ ಬುಡದ ಕಳೆ ತೆಗೆಯುತ್ತಿದ್ದಳು. ಎಲ್ಲ ಹೇಳಿ, "ಪುಣ್ಯ, ಅಪ್ಪಂಗೆ ಇದು ಗೊತ್ತಾಗಲಿಲ್ಲ" ಎಂದೆ. ಅವ್ವ ಮಣ್ಣಿನ ಕೈಯಲ್ಲೇ ಹಣೆ ಒರೆಸಿಕೊಂಡಳು.

"ಅವ್ರಿಗೆ ಗೊತ್ತಿತ್ತು."

ಅಪ್ಪ, ಅವ್ವ ಕಳೆ ಕೀಳುತ್ತಲೇ ಎಲ್ಲ ಹೇಳಿದಳು.

ನಾನಿನ್ನೂ ಚಿಕ್ಕವಳಿದ್ದಾಗ ಒಂದು ಬೆಳಿಗ್ಗೆ ನೀನು ಮೆಟ್ಟಿಲ ಮೇಲೆ ಟವೆಲ್ ಮರೆತು ಬಂದಿದ್ದೆಯಂತೆ. ತರಲು ಹೋಗಿ, ಹಿತ್ತಲ ಕಡೆಯಿಂದ ಮಾತು ಕೇಳಿ, ಇಣುಕಿದೆಯಂತೆ. ಮನೆಗೆ ಬಂದವನು ಗಂಜಿ ಮುಟ್ಟದೆ ಮಲ್ಲಿಗೆಯ ಹತ್ತಿರ ಕೂತೆಯಂತೆ. ಇನ್ನು ಕಳಿಸುವುದು ಬೇಡ ಎಂದು ಅವ್ವ ಅತ್ತಳಂತೆ. ಅದಕ್ಕೆ ನೀನು, "ನಿಲ್ಸಿದ್ರೆ ಅವರಿಗೆ ಸುಲಭ ಆಗ್ತದೆ" ಎಂದೆಯಂತೆ. ಆ ಸಂಜೆಯೇ ನಿನ್ನ ದಂಡೆಗೆ ಗಂಟು ಬಂತು.

ಈಗ ಎಲ್ಲ ನೆನಪಾಗುತ್ತಿದೆ. ನಾನು ಎಲ್ಲರ ಹಾಗೆ ಸುತ್ತು ಹಾಕಿ ಎಳೆದು ಸರಸರ ಕಟ್ಟಿದ್ದೆ. ನೀನು ಅಷ್ಟನ್ನೂ ಬಿಚ್ಚಿ ನನ್ನ ಬೆರಳು ಹಿಡಿದು ಹೊಸದಾಗಿ ಕಲಿಸಿದೆ. "ಎರಡು ಹೂವಿಗೊಂದು ಗಂಟು. ಬಿಗಿ ಇರ್ಲಿ." ಬೆರಳು ನೋಯುತ್ತದೆ, ಇಷ್ಟು ಹತ್ತಿರದಿಂದ ಯಾರು ನೋಡುತ್ತಾರೆ ಎಂದು ನಾನು ಅತ್ತೆ. "ನೋಡೋರು ನೋಡ್ತಾರೆ" ಎಂದು ನಕ್ಕೆ ನೀನು. ದೇವರನ್ನು ಕುರಿತು ಹೇಳುತ್ತಿದ್ದೀಯ ಎಂದುಕೊಂಡಿದ್ದೆ.

ನನಗೇಕೆ ಹೇಳಲಿಲ್ಲ? ಪ್ರತಿ ಸಲ ಪ್ರಸಾದದ ಮಲ್ಲಿಗೆಯನ್ನು ಕಿವಿಗೆ ಸಿಕ್ಕಿಸಿಕೊಂಡು ಬರುತ್ತಿದ್ದೆಯಲ್ಲ, ಅದು ನಿನ್ನದೇ ದಂಡೆಯಿಂದ ಬಿಡಿಸಿದ ಹೂವೆಂದು ಗೊತ್ತಿದ್ದೂ... ಆಗ ನಿನ್ನ ಮುಖದಲ್ಲಿ ಇದ್ದದ್ದೇನು? ನಾನು ನೋಡಿದ್ದೆ, ಅಪ್ಪ, ದಿನಾ ನೋಡಿದ್ದೆ, ಆದರೂ ನನಗೆ... ನಾನು ಓದಿದ ಹೊತ್ತಿಗೆಗಳಲ್ಲಿ ಮುಷ್ಕರಕ್ಕೆ ಹೆಸರಿದೆ, ಧರಣಿಗೆ ಹೆಸರಿದೆ. ಜಗಲಿಯಲ್ಲಿ ಕಾಲು ಚಾಚಿ ಕೂತು ನೀನು ಮಾಡಿದ್ದಕ್ಕೆ ಹೆಸರು ಸಿಗುತ್ತಿಲ್ಲ.

ಆದರೂ ಒಂದು ಮಾತು. ಸಿಟ್ಟು ಮಾಡಬೇಡ. ನಿನ್ನ ಗಂಟು ಅವರ ಪೂಜೆಯನ್ನು ತಡ ಮಾಡಿಸಿತು, ಅಷ್ಟೇ. ದಂಡೆ ಇಡಿಯಾಗಿ ಒಳಗೆ ಹೋಗಲಿಲ್ಲ. ನೀನು ಸುಮ್ಮನಿದ್ದು ಕಟ್ಟಿದೆ. ನಾನು ಕಟ್ಟಿ ಸುಮ್ಮನಿರಲಾರೆ.

ನಿನ್ನೆ ರಾಘುವಿನ ಹತ್ತಿರ ಹೋಗಿ ಹೇಳಿದೆ. ಶುಕ್ರವಾರ ಇನ್ನೊಂದು ದಂಡೆ ತರುತ್ತೇನೆ, ಮೆಟ್ಟಿಲ ಮೇಲೆ ಇಟ್ಟು ಹೋಗುವುದಿಲ್ಲ, ಅಲ್ಲೇ ನಿಂತಿರುತ್ತೇನೆ. ಒಂದೋ ನನ್ನ ಕಣ್ಣೆದುರಿಗೆ ಇಡೀ ಏರಿಸು. ಇಲ್ಲ, ಎದುರು ಮೆಟ್ಟಿಲ ಮೇಲೆ ಕೂತು, ಬಂದವರೆಲ್ಲರ ಮುಂದೆ ಒಂದೊಂದೇ ಗಂಟು ಬಿಚ್ಚು. ಬಾವಿಯ ಹಿಂದೆ ಅಲ್ಲ.

ಅವನು ಶಲ್ಯದಲ್ಲಿ ಕುತ್ತಿಗೆ ಒರೆಸಿಕೊಂಡ. "ಶುಕ್ರವಾರ ಅಪ್ಪಯ್ಯನೂ ಇರ್ತಾನೆ."

"ಇರ್ಲಿ. ಗಂಟಿನ ಗುರುತು ಅವರಿಗೇ ಚೆನ್ನಾಗಿದೆ."

ಅವನಿಗೆ ನಗು ಬಂತು, ನುಂಗಿಕೊಂಡ. "ಇಡೀ ಏರಿಸಿದ್ರೆ ಮನೇಲಿ ನನ್ನ ಕತೆ..." ಎಂದು ನಿಲ್ಲಿಸಿದ.  ಆಮೇಲೆ, "ಏಳಕ್ಕೆ ಬಾ. ಮಂಗಳಾರತಿಗಿಂತ ಮೊದ್ಲು" ಎಂದ. ಏರಿಸುತ್ತಾನೋ, ಬಿಚ್ಚುತ್ತಾನೋ, ಹೇಳಲಿಲ್ಲ. ನಾನೂ ಕೇಳಲಿಲ್ಲ.

ಅವ್ವ ಬೈಯುತ್ತಾಳೆ ಎಂದುಕೊಂಡು ಮನೆಗೆ ಬಂದೆ. ಅವಳು ಬಾಳೆನಾರು ತಂದು ನೀರಿಗೆ ಹಾಕಿದಳು. "ಉದ್ದ ಕಟ್ಟು. ನಾನೂ ಬತ್ತೆ" ಎಂದಳು, ಅಷ್ಟೇ.

ಇನ್ನೊಂದು ಸುದ್ದಿ. ಮನ್ಮನೆ ಊರಿನ ಅತ್ತೆ ಮನೆಯಿಂದ ನೀನು ತಂದು ನೆಟ್ಟ ಸಂಪಿಗೆ, ಹೂ ಬಿಡದ ಗೊಡ್ಡು ಎಂದು ಎಲ್ಲರೂ ಕಡಿ ಕಡಿ ಎನ್ನುತ್ತಿದ್ದದ್ದು, ಈ ಬೇಸಿಗೆಗೆ ಬಿಟ್ಟಿದೆ. ಮೊದಲ ಹೂವನ್ನು ದೇವರಿಗೆ ಕೊಡಲಿಲ್ಲ. ಅವ್ವ ಮುಡಿದಳು. ನೀನು ಹೋದ ಮೇಲೆ ಅವಳು ಮುಡಿದ ಮೊದಲ ಹೂವು ಅದು. ಹಾಗೇ ಮುಡಿದುಕೊಂಡು ಅಂಗಡಿಗೂ ಹೋಗಿ ಬಂದಳು. ಯಾರೂ ಏನೂ ಕೇಳಲಿಲ್ಲ. ಕೇಳಿದ್ದರೆ ಹೇಳಲು ನನ್ನ ಬಳಿ ಬೇಕಾದಷ್ಟಿತ್ತು.

ಮಲ್ಲಿಗೆಯನ್ನು ಗುರುವಾರ ಸಂಜೆ ಬಿಡಿಸುತ್ತೇವೆ. ನಿನ್ನದೇ ಗಂಟು, ಇನ್ನೂ ಬಿಗಿ. ನೀನೂ ಬಾ ಅಪ್ಪ, ಟವೆಲ್ ಮರೆತು ಹೋದ ಆ ಮೆಟ್ಟಿಲಿಗೇ ಬಾ. ಈ ಶುಕ್ರವಾರ, ಬೆಳಿಗ್ಗೆ ಏಳು ಗಂಟೆಗೆ.